ಡಾಬಕಾ ಬಾವಿಯ ಷರಾ

ಔರಾದ ತಾಲೂಕಿನ ಡಾಬಕಾದ ಒಂದು ಬಾವಿಯಲ್ಲಿ ಮೇ ತಿಂಗಳ ಒಂದನೇ ತಾರೀಖಿಗೆ ನೀರು ಬಾವಿಯ ತಳಕ್ಕಿಂತ ಎಂಟು ಇಂಚು ಕೆಳಗಿತ್ತು. ಇದು ಯಾರೋ ಚಹಾದ ಅಂಗಡಿಯಲ್ಲಿ ಕೂತು ಹೇಳಿದ ಮಾತಲ್ಲ. ಬೀದರಿನ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಪರಿಸರ ವಿಷಯ ಕಲಿಸುವ ಪ್ರಾಧ್ಯಾಪಕನಾದ ನಾನು ನನ್ನ ಸಹಿ, ಮೊಹರುಗಳ ಸಮೇತ ಜಿಲ್ಲೆಯ ಅಧಿಕಾರಿಗಳಿಗೆ ಸಲ್ಲಿಸಿದ ವರದಿಯಲ್ಲಿ ಇದ್ದ ಸಂಗತಿ. ಬಾವಿಗಳ ಆಳ ಒಂಬತ್ತನೆಯ ಪುಟದಲ್ಲಿತ್ತು. ಮೇ ತಿಂಗಳ ನೀರಿನ ಅಳತೆ ಎಪ್ಪತ್ತೆರಡನೆಯ ಪುಟದಲ್ಲಿ. ಎರಡು ಪುಟಗಳೂ ಎಂದೂ ಮುಖಾಮುಖಿಯಾಗಿರಲಿಲ್ಲ. ಎಪ್ಪತ್ತೆರಡನೆಯ ಪುಟಕ್ಕೆ ಇರುವ ದೊಡ್ಡ ಅನುಕೂಲವೆಂದರೆ ಅಲ್ಲಿಯವರೆಗೆ ಯಾರೂ ಬರುವುದಿಲ್ಲ. ಬರೆದವನೂ ಬಂದಿರಲಿಲ್ಲ.

ಸೋಮವಾರ ಸಭೆ. ಶನಿವಾರ ಮಧ್ಯಾಹ್ನ ವಿಭಾಗದಲ್ಲಿ ಒಬ್ಬನೇ ಕೂತು, ಅಧಿಕಾರಿಗಳಿಗೆ ಪರದೆಯ ಮೇಲೆ ತೋರಿಸಲೆಂದು ಎರಡೂ ಅಂಕಿಗಳನ್ನು ಒಂದೇ ಪಟ್ಟಿಗೆ ತಂದೆ. ಬಾವಿಯ ಆಳ ನಲವತ್ತೊಂದು ಅಡಿ. ನೀರು ಇರುವುದು ನಲವತ್ತೊಂದು ಅಡಿ ಎಂಟು ಇಂಚಿಗೆ. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದೆ. ಕನ್ನಡಕದಲ್ಲಿ ದೋಷವಿರಲಿಲ್ಲ.

ನಮ್ಮ ಕೆಲಸ ಏನೆಂದು ಹೇಳದೆ ಮುಂದೆ ಹೋದರೆ ನನ್ನ ಬೆವರು ಅರ್ಥವಾಗುವುದಿಲ್ಲ. ನಮ್ಮ ಭಾಗದಲ್ಲಿ ಮಳೆಯ ನಡತೆ ಬದಲಾಗಿದೆ. ನಲವತ್ತು ದಿನ ಹನಿ ಹನಿಯಾಗಿ ಬೀಳಬೇಕಾದದ್ದು ನಾಲ್ಕೈದು ದಿನದಲ್ಲಿ ಸುರಿದು ಕೈತೊಳೆದುಕೊಳ್ಳುತ್ತದೆ. ಹಾಗೆ ಬಿದ್ದ ನೀರು ಕಪ್ಪು ಮಣ್ಣಿನ ಕೆಳಗಿನ ಬಂಡೆಯ ಸಂದಿಗೆ ಇಳಿಯುತ್ತದೆಯೋ, ಹಳ್ಳ ಹಿಡಿದು ಮಾಂಜ್ರಾ ನದಿಗೆ ಓಡುತ್ತದೆಯೋ ಎಂಬುದು ನಮ್ಮ ಪ್ರಶ್ನೆ. ಅದಕ್ಕಾಗಿ ಭಾಲ್ಕಿ ಮತ್ತು ಔರಾದ ತಾಲೂಕುಗಳಲ್ಲಿ ಹದಿನಾರು ತೆರೆದ ಬಾವಿ ಆರಿಸಿಕೊಂಡು, ಪ್ರತಿ ಬಾವಿಗೆ ಅದೇ ಊರಿನ ಒಬ್ಬ ವೀಕ್ಷಕರನ್ನು ನೇಮಿಸಿ, ನಾಲ್ಕು ವರ್ಷದಿಂದ ತಿಂಗಳಿಗೊಮ್ಮೆ ನೀರಿನ ಮಟ್ಟ ಅಳೆಸುತ್ತಿದ್ದೆವು.

ಅಳೆಯುವ ವಿಧಾನ ನಮ್ಮ ಅಜ್ಜಂದಿರಿಗೂ ತಿಳಿಯುವಂಥದು. ಬಾವಿಯ ಕಟ್ಟೆಯ ಒಂದು ಕಲ್ಲಿನ ಮೇಲೆ ಕೆಂಪು ಬಣ್ಣದಿಂದ ಬಾಣದ ಗುರುತು. ತುದಿಗೆ ಭಾರ ಕಟ್ಟಿದ ಉಕ್ಕಿನ ಟೇಪು. ಟೇಪಿನ ಕೊನೆಯ ಮೂರು ಅಡಿಗೆ ಸೀಮೆಸುಣ್ಣ ತಿಕ್ಕಿ, ನೀರಿಗೆ ಮುಟ್ಟುವವರೆಗೆ ಇಳಿಬಿಟ್ಟು, ಗುರುತಿನ ಹತ್ತಿರ ಎಷ್ಟು ಅಡಿ ಎಂದು ಓದಿ, ಮೇಲೆ ಎಳೆದು ಸುಣ್ಣ ಎಷ್ಟು ಒದ್ದೆಯಾಗಿದೆ ನೋಡಿ ಕಳೆಯುವುದು. ಬಾವಿಯ ಆಳವನ್ನೂ ಮೊದಲ ವರ್ಷ ಅಲ್ಲಿಂದಲೇ ಅಳೆದಿದ್ದೆವು. ಆ ಕೆಂಪು ಗುರುತು ನಮಗೆ ಮೇರು ಪರ್ವತ. ಜಗತ್ತೇ ಅಲುಗಿದರೂ ಅದು ಅಲುಗುವಂತಿಲ್ಲ.

ವೀಕ್ಷಕರಿಗೆ ಕೊಟ್ಟ ರಿಜಿಸ್ಟರಿನಲ್ಲಿ ನಾಲ್ಕು ಕಲಂ: ತಾರೀಖು, ವೇಳೆ, ಅಳತೆ, ಷರಾ. ಮೊದಲ ವರ್ಷ ಅವರು ಫೋನು ಮಾಡಿ ನಾಲ್ಕನ್ನೂ ಓದಿ ಹೇಳುತ್ತಿದ್ದರು. ಷರಾದಲ್ಲಿ ಇಡೀ ಸಂಸಾರವಿರುತ್ತಿತ್ತು: ಬಾವಿಯಲ್ಲಿ ಆಮೆ ಕಂಡಿತು, ಬಾಜೂ ಮನೆಯಲ್ಲಿ ಮದುವೆ, ಹಗ್ಗ ಹರಿಯಿತು, ಕೊಡ ಬಿತ್ತು. ವಿಜ್ಞಾನಕ್ಕೆ ಇಷ್ಟು ಬಂಧುಬಳಗ ಬೇಡವೆಂದು ನಾನೇ ಒಂದು ಸುತ್ತೋಲೆ ಹೊರಡಿಸಿದೆ. ಇನ್ನು ಮುಂದೆ ಮೊಬೈಲಿನಲ್ಲಿ ಅಂಕಿ ಮಾತ್ರ ಕಳುಹಿಸತಕ್ಕದ್ದು. ಆ ಸುತ್ತೋಲೆಗೆ ಕ್ರಮಾಂಕವೂ ಇತ್ತು. ಹೊರಡಿಸಿದ ದಿನ ಬಹಳ ತೃಪ್ತಿಯಾಗಿತ್ತು.

ಸೋಮವಾರದ ಸಭೆಯಲ್ಲಿ ನಮ್ಮ ವರದಿಯ ಮೇಲೆ ಊರುಗಳಿಗೆ ಬಣ್ಣ ಬಳಿಯುವವರಿದ್ದರು. ನೀರು ನೆಟ್ಟಗಿದ್ದರೆ ಹಸಿರು, ಇಳಿಯುತ್ತಿದ್ದರೆ ಹಳದಿ, ಬಹಳ ಇಳಿದಿದ್ದರೆ ಕೆಂಪು. ಕೆಂಪು ಊರಿನಲ್ಲಿ ಹೊಸ ಬಾವಿಗೆ ಅನುಮತಿಯಿಲ್ಲ. ಡಾಬಕಾದ ಹಣೆಬರಹ ಒಂದೇ ಬಾವಿಯ ಮೇಲೆ ನಿಂತಿತ್ತು, ಮತ್ತು ಅದು ಕೆಂಪು. ಭಾಲ್ಕಿಯಲ್ಲಿ ನಡೆದ ರೈತರ ಸಭೆಯೊಂದರಲ್ಲಿ ಅದೇ ಬಾವಿಯ ರೇಖಾಚಿತ್ರ ತೋರಿಸಿ, "ಇದು ಎಚ್ಚರಿಕೆಯ ಗಂಟೆ" ಎಂದು ಮೇಜು ಕುಟ್ಟಿದವನು ನಾನು. ಚಪ್ಪಾಳೆ ಬಿದ್ದಿತ್ತು.

ಡಾಬಕಾದ ವೀಕ್ಷಕಿ ಮೂವತ್ತರ ಆಸುಪಾಸಿನ ಹೆಣ್ಣುಮಗಳು, ಬಿ.ಎ. ಓದಿದವಳು, ಊರಿನ ಬೌದ್ಧ ಕುಟುಂಬದವಳು. ಗಂಡ ಹೆಂಡತಿ ಇಬ್ಬರೂ ದುಡಿಯುವ ಮೂರೆಕರೆ ಹೊಲವಿದೆ. ಅದರಲ್ಲೊಂದು ಬಾವಿಗಾಗಿ ಸರಕಾರದ ಯೋಜನೆಗೆ ಅರ್ಜಿ ಹಾಕಿದ್ದಳು. ಹದಿನೈದು ದಿನದ ಹಿಂದೆ ಫೋನು ಮಾಡಿದ್ದಳು.

"ಸರ್, ನಮ್ಮೂರು ಕೆಂಪಾದ್ರ ನಮ್ಮ ಬಾವಿ ಅರ್ಜಿ ಮುಗೀತು ಅಂತ ಪಂಚಾಯ್ತಿಯಾಗ ಅನ್ಲತ್ತಾರ. ಖರೆ ಏನ್ರಿ?"

"ನೋಡವಾ," ಎಂದಿದ್ದೆ ನಾನು, ಗಂಟಲು ಸರಿಮಾಡಿಕೊಂಡು. "ವಿಜ್ಞಾನ ಯಾರ ಅರ್ಜಿನೂ ನೋಡಂಗಿಲ್ಲ."

"ಹೌದ್ರಿ ಸರ್," ಎಂದು ಇಟ್ಟಿದ್ದಳು.

ಈಗ ವಿಜ್ಞಾನ ಬಾವಿಯ ತಳದ ಕೆಳಗೆ ಎಂಟು ಇಂಚಿನಲ್ಲಿ ಕೂತು ನನ್ನನ್ನೇ ನೋಡುತ್ತಿತ್ತು.

ಈ ಯೋಜನೆಯಲ್ಲಿ ಜೊತೆಗಿದ್ದ ಸಹೋದ್ಯೋಗಿಗೆ ಫೋನು ಮಾಡಿದೆ. ನನಗಿಂತ ಹದಿನೈದು ವರ್ಷ ಕಿರಿಯ, ಕೆಲಸದಲ್ಲಿ ಚುರುಕು, ಅಂಕಿಗಳ ವಿಷಯದಲ್ಲಿ ನಿರ್ದಯಿ.

"ಅದರಾಗ ಏನದ ಸರ್? ಆಕಿ ಮನ್ಯಾಗ ಕುಂತು ಅಂಕಿ ಬರದಾಳ. ಆ ಬಾವಿ ಕೈಬಿಟ್ಟುಬಿಡ್ರಿ. ಮಾಹಿತಿ ಸಾಲದು ಅಂತ ಒಂದ್ ಸಾಲು ಬರದ್ರ ಮುಗೀತು."

"ಬಿಟ್ಟರ ಊರಿನ ಬಣ್ಣ?"

"ಅಂಕಿ ಇಲ್ಲದ ಊರು ಬಾಜೂ ಊರಿನ ಬಣ್ಣ ತಗೋತದ. ನಿಯಮ ನೀವೇ ಬರದೀರಿ. ಬಾಜೂ ಊರೂ ಕೆಂಪೇ ಅದ. ಯಾರಿಗೂ ಏನೂ ಗೊತ್ತಾಗಂಗಿಲ್ಲ."

ಯಾರಿಗೂ ಏನೂ ಗೊತ್ತಾಗುವುದಿಲ್ಲವೆಂಬ ಮಾತಿನಷ್ಟು ಹಿತವಾದದ್ದು ನಮ್ಮ ವೃತ್ತಿಯಲ್ಲಿ ಬೇರೊಂದಿಲ್ಲ. ಒಂದು ತಾಸು ಆ ಹಿತವನ್ನು ಅನುಭವಿಸಿದೆ. ಕಾರಣಗಳನ್ನು ಒಂದು ಹಾಳೆಯಲ್ಲಿ ಬರೆದೆ. ಒಂದು, ವೀಕ್ಷಕಿ ಸುಳ್ಳು ಬರೆದಿದ್ದಾಳೆ. ಎರಡು, ಟೇಪು ಕೆಟ್ಟಿದೆ. ಮೂರು, ಬಾವಿಯನ್ನು ಯಾರೋ ಆಳ ಮಾಡಿದ್ದಾರೆ. ಮೊದಲನೆಯದು ಮೊದಲಿಗೆ ಬಂದದ್ದು ಆಕಸ್ಮಿಕವಲ್ಲ; ಅದರಲ್ಲಿ ನನ್ನ ತಪ್ಪು ಎಳ್ಳಷ್ಟೂ ಇರಲಿಲ್ಲ. ಆದರೆ ಆ ಹಾಳೆ ಮಡಚುವಾಗ ಒಂದು ವಿಚಾರ ಅಡ್ಡ ಬಂತು. ನೀರು ಹೆಚ್ಚು ಇಳಿದಷ್ಟೂ ಊರು ಕೆಂಪಾಗುತ್ತದೆ, ಊರು ಕೆಂಪಾದರೆ ಆಕೆಯ ಬಾವಿ ಹೋಗುತ್ತದೆ. ಸುಳ್ಳು ಬರೆಯುವವಳು ತನ್ನ ಬಾವಿಗೇ ಮಣ್ಣು ಹಾಕಿಕೊಳ್ಳುವ ಸುಳ್ಳನ್ನು ಆರಿಸಿಕೊಳ್ಳುತ್ತಾಳೆಯೇ?

ಭಾನುವಾರ ಬೆಳಿಗ್ಗೆ ಏಳಕ್ಕೆ ಕಾಲೇಜಿನ ಜೀಪು ಹೊರಡಿಸಿದೆ. ಡ್ರೈವರ್ ಬೀದರಿನ ಹಳೇ ಮನುಷ್ಯ, ನನ್ನ ಅವಸರಗಳನ್ನೆಲ್ಲ ನೋಡಿದವನು.

"ಇತವಾರ ದಿನಾ ಬಾವಿ ನೋಡ್ಲಕ್ಕ ಹೋಗೋರು ಇಬ್ಬರೇ ಸಾಬ್," ಎಂದ. "ಒಬ್ಬ ಈಜಾಡಂವ, ಇನ್ನೊಬ್ಬ ಬೀಳಂವ."

"ನಾನು ಎರಡನೇದಂವ. ಸುಮ್ನ ಹೊಡಿ."

ಕಾರ್ಯವಿಧಾನ ಎಂಬುದೊಂದಿದೆಯಲ್ಲ. ಮೊದಲು ಟೇಪಿನ ಸಂಶಯ ತೀರಬೇಕು. ಹದಿನಾರೂ ಟೇಪು ಒಂದೇ ಅಂಗಡಿಯವು. ಕೆಟ್ಟರೆ ಎಲ್ಲವೂ ಕೆಡಬೇಕು. ಅದಕ್ಕೆ ಮೊದಲು ಖಟಕ ಚಿಂಚೋಳಿಗೆ ಹೋದೆವು. ಅಲ್ಲಿನ ವೀಕ್ಷಕರು ನಿವೃತ್ತ ಬಸ್ ಕಂಡಕ್ಟರ್. ತಿಂಗಳ ಒಂದನೇ ತಾರೀಖು ಭಾಲ್ಕಿಯ ಮೊದಲ ಬಸ್ಸು ಊರು ಬಿಟ್ಟ ಮೇಲೆಯೇ ಅಳೆಯುವ ನೇಮದವರು. ನನ್ನ ಹೊಸ ಟೇಪು, ಅವರ ಹಳೇ ಟೇಪು ಎರಡನ್ನೂ ಇಳಿಬಿಟ್ಟೆವು. ಅರ್ಧ ಇಂಚಿನ ಫರಕೂ ಇರಲಿಲ್ಲ. ನನಗೆ ಸಂತೋಷವಾಗಬೇಕಿತ್ತು. ಪಟ್ಟಿಯಲ್ಲಿ ಒಂದು ಕಾರಣ ಕಡಿಮೆಯಾಗಿ ಉಳಿದೆರಡರ ಭಾರ ಹೆಚ್ಚಾಯಿತು ಅಷ್ಟೆ.

ಅವರ ರಿಜಿಸ್ಟರ್ ತಿರುವಿದೆ. ಎರಡನೆಯ ವರ್ಷದಿಂದ ಷರಾ ಕಲಂ ಖಾಲಿ.

"ನೀವ್ ಬ್ಯಾಡ ಅಂದ್ರಿ, ನಾ ಬಿಟ್ಟೇನಿ," ಎಂದರು ಕಂಡಕ್ಟರ್. "ಡ್ಯೂಟಿ ಅಂದ್ರ ಡ್ಯೂಟಿ. ಆದ್ರ ಸರ್, ಷರಾ ಬರಿಯೂದರಾಗೇ ಜರಾ ಮಜಾ ಇತ್ತು."

ಭಾಲ್ಕಿಯಲ್ಲಿ ಚಹಾ ಕುಡಿದು, ಔರಾದ ದಾಟಿ ಡಾಬಕಾ ಮುಟ್ಟುವಾಗ ಮೂರು ಗಂಟೆ. ಮೃಗಶಿರ ಮಳೆ ಒಂದೆರಡು ಹನಿ ಹಾಕಿ ಹೋಗಿತ್ತು. ಆರಿದ್ರಾ ಇನ್ನೂ ಮನಸ್ಸು ಮಾಡಿರಲಿಲ್ಲ. ಬಾವಿಯ ಹತ್ತಿರ ವೀಕ್ಷಕಿ ಚೀಲ ಹಿಡಿದು ನಿಂತಿದ್ದಳು. ಪಕ್ಕದಲ್ಲಿ ಬಾವಿಯ ಮಾಲೀಕರು, ಊರಿಗೆಲ್ಲ ಕಾಕಾ. ಮರಾಠಿ, ಕನ್ನಡ ಎರಡರಲ್ಲೂ ಒಂದೇ ವೇಗದಲ್ಲಿ ಮಾತಾಡುವವರು.

"ಯಾನ್ರಿ ಸಾಹೇಬ್ರೆ, ಎರಡ ವರ್ಷ ಆತು ಮುಖಾ ತೋರ್ಸಿ. ಬಾವಿ ನೀರು ಕಹಿ ಆತೇನು?"

ಎರಡು ವರ್ಷ ನಾನು ಬಂದಿರಲಿಲ್ಲ. ವರ್ಷಕ್ಕೊಮ್ಮೆ ಪ್ರತಿ ಬಾವಿಗೂ ಹೋಗಿ ಗುರುತು ಪರೀಕ್ಷಿಸಬೇಕೆಂದು ನಮ್ಮ ಕೈಪಿಡಿಯಲ್ಲಿದೆ. ಅದನ್ನೂ ನಾನೇ ಬರೆದದ್ದು. ಸಮಿತಿ, ಸಭೆ, ಪರೀಕ್ಷೆಗಳ ನಡುವೆ, ವೀಕ್ಷಕರೇ ಗುರುತಿನ ಫೋಟೋ ಹತ್ತಿರದಿಂದ ತೆಗೆದು ಕಳುಹಿಸಿದರೆ ಸಾಕೆಂದು ಸಡಿಲು ಮಾಡಿಕೊಂಡಿದ್ದೆ. ಡಾಬಕಾದ ಫೋಟೋ ಪ್ರತಿವರ್ಷ ಬಂದಿತ್ತು. ಕಲ್ಲು ಅದೇ, ಕೆಂಪು ಬಾಣವೂ ಅದೇ.

ಈಗಲೂ ಅಲ್ಲೇ ಇತ್ತು. ಬಾಣದ ಮೇಲೆ ಯಾರೋ ಕುಂಕುಮ ಹಚ್ಚಿ, ಒಂದು ಹೂ ಇಟ್ಟಿದ್ದರು. ಮೇರು ಪರ್ವತಕ್ಕೆ ಸಲ್ಲಬೇಕಾದ ಮರ್ಯಾದೆಯೇ.

ಟೇಪಿಗೆ ಸುಣ್ಣ ತಿಕ್ಕಿ ನಾನೇ ಇಳಿಬಿಟ್ಟೆ. ನೀರು ಆಕೆ ಈ ತಿಂಗಳು ಕಳುಹಿಸಿದ ಅಂಕಿಗೆ ಸರಿಯಾಗಿತ್ತು. ಆಮೇಲೆ ಭಾರವನ್ನು ತಳದವರೆಗೆ ಬಿಟ್ಟೆ. ತಳ ಸಿಕ್ಕಿದ್ದು ನಲವತ್ಮೂರು ಅಡಿ ಮೂರು ಇಂಚಿಗೆ. ಮತ್ತೊಮ್ಮೆ ಬಿಟ್ಟೆ, ಮತ್ತೆ ಅಷ್ಟೇ. ನಾಲ್ಕು ವರ್ಷದಲ್ಲಿ ಬಾವಿ ಎರಡೂಕಾಲು ಅಡಿ ಬೆಳೆದಿತ್ತು. ಅದರ ತಳ ಸಿಕ್ಕಿತು. ನನ್ನ ಕಾಲ ಕೆಳಗಿನದು ತಪ್ಪಿತು.

"ಕಾಕಾ, ಬಾವಿ ಆಳ ಮಾಡ್ಸೀರೇನು? ಹೂಳು ತಗಸೀರಿ?"

ಕಾಕಾಗೆ ಅವಮಾನವಾಯಿತು. "ನಮ್ಮಪ್ಪ ತೋಡಿದ ಬಾವಿ. ಅಂವಾ ಎಲ್ಲಿಗಿ ಬಿಟ್ಟಾನೋ ಅಲ್ಲೇ ಅದ. ನಾ ಒಂದ್ ಪುಟ್ಟಿ ಮಣ್ಣು ತಗದಿಲ್ಲ."

ಹಾಗಾದರೆ ಪಟ್ಟಿಯಲ್ಲಿ ಉಳಿದದ್ದು ವೀಕ್ಷಕಿ. ಆದರೆ ಆಕೆಯ ಅಂಕಿ ಈಗಷ್ಟೇ ನನ್ನ ಕೈಯಲ್ಲೇ ಸರಿಯೆಂದು ಸಿಕ್ಕಿತ್ತು. ಯೋಚಿಸಲೆಂದು ಕಟ್ಟೆಯ ಮೇಲೆ ಕೂರಲು ಹೋದೆ. ಕೂರಲಾಗಲಿಲ್ಲ. ಕಟ್ಟೆ ಸೊಂಟದವರೆಗಿತ್ತು. ಮೊದಲ ವರ್ಷ ಇದೇ ಕಟ್ಟೆಯ ಮೇಲೆ ಕಾಲು ಚಾಚಿ ಕೂತು ಕಾಕಾನ ಮನೆಯ ಚಹಾ ಕುಡಿದವನು ನಾನು. ವಯಸ್ಸಾದಂತೆ ಮನುಷ್ಯ ಕುಗ್ಗುತ್ತಾನೆಂದು ಕೇಳಿದ್ದೆ. ಇಷ್ಟೊಂದು ಕುಗ್ಗಿದೆನೇ ಎಂದು ಕ್ಷಣಕಾಲ ನಿಜವಾಗಿ ಯೋಚಿಸಿದೆ. ಆಮೇಲೆ ಟೇಪು ಹಿಡಿದು ನೆಲದಿಂದ ಕಟ್ಟೆಯ ಎತ್ತರ ಅಳೆದೆ. ಮೂರು ಮುಕ್ಕಾಲು ಅಡಿ. ನನ್ನ ಹಳೆಯ ಟಿಪ್ಪಣಿಯಲ್ಲಿ ಒಂದೂವರೆ.

ಕಳೆದು ನೋಡಿ. ಎರಡೂಕಾಲು.

"ಕಾಕಾ, ಈ ಕಟ್ಟಿ…"

"ಎತ್ತರ ಮಾಡ್ಸೇವಲ್ರಿ," ಎಂದರು ಕಾಕಾ ಅಭಿಮಾನದಿಂದ. "ಆಕಳ ಕರ ಬಿದ್ದಿತ್ತು ಬಾವ್ಯಾಗ. ಆದ್ರ ನಿಮ್ಮ ಕಲ್ಲಿಗಿ ಧಕ್ಕಾ ಹಚ್ಚಿಲ್ಲ ನೋಡ್ರಿ. ಗೌಂಡಿ ಅದರ ಮ್ಯಾಲೇ ಕಲ್ಲು ಇಡ್ತೇನಿ ಅಂದ. ನಮ್ಮ ಆಯಿ ಬಿಡ್ಲಿಲ್ಲ. ಸಾಹೇಬ್ರು ಕೈಯಾರೆ ಹಚ್ಚಿದ ಗುರ್ತು, ಅದನ್ನ ಹುಗದ್ರ ಛಲೋ ಆಗಂಗಿಲ್ಲ ಅಂದಳು. ಎಬ್ಬಿಸಿ, ತೊಳದು, ಹೊಸಾ ಕಟ್ಟಿ ಮ್ಯಾಲ ಬರಾಬರ್ ಅದೇ ದಿಕ್ಕಿಗಿ ಕೂಡ್ಸೇವಿ. ಅಮಾಸಿಗೊಮ್ಮೆ ಕುಂಕಮಾ ಹಚ್ತಾಳ."

ಆ ಕಲ್ಲನ್ನು ಅವರು ಅಸಡ್ಡೆ ಮಾಡಿ ಹೂತುಹಾಕಿದ್ದರೆ ಫೋಟೋದಲ್ಲಿ ಗುರುತು ಕಾಣದೆ ಆ ವರ್ಷವೇ ತಪ್ಪು ಸಿಕ್ಕಿಬೀಳುತ್ತಿತ್ತು. ಗೌರವದಿಂದ ಮೇಲೆತ್ತಿ ಕೂಡಿಸಿದ್ದರಿಂದ ಎರಡೂಕಾಲು ಅಡಿ ನೀರು ಕಾಗದದ ಮೇಲೆ ಬತ್ತಿಹೋಯಿತು.

ವೀಕ್ಷಕಿಯ ಕಡೆ ತಿರುಗಿದೆ. ಧ್ವನಿ ಗಡುಸಾಗಿಯೇ ಬಂತು. "ನೀ ಯಾಕ ಹೇಳ್ಲಿಲ್ಲವಾ?"

ಆಕೆ ಚೀಲದಿಂದ ರಿಜಿಸ್ಟರ್ ತೆಗೆದು, ಪುಟ ಹುಡುಕಿ, ಕಟ್ಟೆಯ ಮೇಲೆ ಬಿಡಿಸಿಟ್ಟಳು. ಷರಾ ಕಲಮಿನಲ್ಲಿ ದುಂಡಗಿನ ಅಕ್ಷರ: 'ಕಟ್ಟಿ ಎತ್ತರ ಮಾಡ್ಯಾರ. ಗುರುತಿನ ಕಲ್ಲು ಮ್ಯಾಲ ಬಂದದ. ಎರಡು ಫೂಟು ಮೂರು ಇಂಚು ಹೆಚ್ಚು ಬರ್ತದ, ಕಳೀಬೇಕು.' ಕೆಳಗಿನ ತಿಂಗಳು: 'ಮೇಲಿನಂತೆ.' ಅದರ ಕೆಳಗೆ: 'ಮೇಲಿನಂತೆ.' ಪುಟ ತಿರುವಿದೆ. ಮೇಲಿನಂತೆ, ಮೇಲಿನಂತೆ, ಮೇಲಿನಂತೆ. ಎರಡು ವರ್ಷ.

"ಅಂಕಿ ಅಷ್ಟೇ ಕಳಸು ಅಂದ್ರಿ, ಅಂಕಿ ಕಳಸ್ದೆ," ಎಂದಳು. "ಬರಿಬ್ಯಾಡ ಅಂತ ಅಂದಿರಲಿಲ್ಲಲ್ರಿ. ಅದಕ್ಕ ಬರದೆ. ವರ್ಷಾ ಮಾರ್ಚ್ ತಿಂಗಳಾಗ ರಿಜಿಸ್ಟರ್ ಝೆರಾಕ್ಸ್ ತರಸ್ತೀರಿ. ನೋಡಿ ಕಳದಿರಬೇಕು ಅಂದ್ಕೊಂಡೇನಿ."

"ಮೊನ್ನೆ ಫೋನ್ ಮಾಡಿದಾಗಾದ್ರೂ…"

"ಕೇಳದೆನಲ್ರಿ, ಖರೆ ಏನ್ರಿ ಅಂತ. ವಿಜ್ಞಾನ ಅರ್ಜಿ ನೋಡಂಗಿಲ್ಲ ಅಂದ್ರಿ. ಕಳದ ಮ್ಯಾಲೂ ಕೆಂಪೇ ಆಗ್ಯದ ಅಂದ್ಕೊಂಡೇನಿ."

ಡ್ರೈವರ್ ಜೀಪಿನ ಬಾನೆಟ್ಟಿಗೆ ಒರಗಿ ಆಕಾಶ ನೋಡುತ್ತಿದ್ದ. ಆಕಾಶದಲ್ಲಿ ನೋಡುವಂಥದ್ದೇನೂ ಇರಲಿಲ್ಲ.

ಸಹೋದ್ಯೋಗಿಗೆ ಅಲ್ಲಿಂದಲೇ ಫೋನು ಮಾಡಿದೆ. ಅವನು ಎಲ್ಲ ಕೇಳಿಸಿಕೊಂಡ. "ಸರ್, ಈಗ ಇದನ್ನ ಹೇಳಿದ್ರ ಎರಡು ಆಗ್ತದ. ಆಕಿ ತನ್ನ ಬಾವಿ ಸಲುವಾಗಿ ಈಗ ಬರದಾಳ ಅಂತಾರ. ಎರಡನೇದು, ಒಂದು ಬಾವಿ ತಪ್ಪಾದ್ರ ಉಳಿದ ಹದಿನೈದರ ಗ್ಯಾರಂಟಿ ಏನು ಅಂತ ಕೇಳ್ತಾರ. ಪೂರಾ ವರದಿ ಹೋಗ್ತದ. ಇದರ ಮ್ಯಾಲ ಬರದ ನಮ್ಮ ಲೇಖನಾನೂ ಹೋಗ್ತದ. ಸುಮ್ನ ಆ ಬಾವಿ ಬಿಡ್ರಿ."

ಅವನ ಮಾತಿನಲ್ಲಿ ಸುಳ್ಳು ಒಂದೂ ಇರಲಿಲ್ಲ. ಅದೇ ಹೆದರಿಕೆ. ಸುಮ್ಮನೆ ಬಿಟ್ಟರೆ ಊರು ಬಾಜೂ ಊರಿನ ಬಣ್ಣ ತೊಟ್ಟುಕೊಂಡು ಕೆಂಪಾಗಿಯೇ ಉಳಿಯುತ್ತದೆ. ನನ್ನ ಮರ್ಯಾದೆಯೂ ಉಳಿಯುತ್ತದೆ. ಹೋಗುವುದು ಒಂದು ಅರ್ಜಿ. ರಿಜಿಸ್ಟರ್ ಇನ್ನೂ ಕಟ್ಟೆಯ ಮೇಲೆ ತೆರೆದೇ ಇತ್ತು. ಗಾಳಿಗೆ ಪುಟ ಹಾರದಂತೆ ಆಕೆ ಅದರ ಮೇಲೆ ಕೈಯಿಟ್ಟಿದ್ದಳು. ಆಕೆಯ ಅಜ್ಜಿಯ ಕಾಲದಲ್ಲಿ ಆ ಮನೆತನದವರಿಗೆ ಈ ಕಟ್ಟೆ ಮುಟ್ಟುವಂತಿರಲಿಲ್ಲ ಎಂದು ಮೊದಲ ಸಲ ಬಂದಾಗ ಆಕೆಯೇ ಹೇಳಿದ್ದಳು, ಹವಾಮಾನ ಹೇಳುವಷ್ಟು ಸಲೀಸಾಗಿ.

"ನಾಳೆ ಈ ರಿಜಿಸ್ಟರ್ ನನಗ ಬೇಕು," ಎಂದೆ.

"ರಿಜಿಸ್ಟರ್ ಕೊಡಂಗಿಲ್ರಿ ಸರ್. ನನ್ನ ಸಹಿ ಮ್ಯಾಲ ಅದ." ಅದನ್ನು ಚೀಲಕ್ಕೆ ಹಾಕಿಕೊಂಡು, "ನಾನೇ ತರ್ತೇನಿ," ಎಂದಳು.

ಸೋಮವಾರ ಬೆಳಿಗ್ಗೆ ಕಾಲೇಜಿನ ಕಪಾಟು ತೆರೆದೆ. ಕಳೆದ ವರ್ಷದ ಝೆರಾಕ್ಸ್ ಪ್ರತಿಗಳು ಧೂಳಿನ ಹೊದಿಕೆಯಲ್ಲಿ ಸುಖವಾಗಿದ್ದವು. ಆಕೆ ಬಾವಿಗೆ ಅರ್ಜಿ ಹಾಕಿದ್ದು ಈ ವರ್ಷ. ಕಳೆದ ವರ್ಷದ ಪ್ರತಿಯಲ್ಲಿ ಆ ಷರಾ ಇದ್ದರೆ ಯಾರೂ ಬಾಯಿ ತೆರೆಯುವಂತಿಲ್ಲ. ಡಾಬಕಾದ ಹಾಳೆ ಸಿಕ್ಕಿತು. ಬಲಗಡೆ ನೋಡಿದೆ. ಅಂಗಡಿಯವನು ಹಾಳೆಯನ್ನು ಓರೆಯಾಗಿಟ್ಟು, ಷರಾ ಕಲಮನ್ನು ಮಧ್ಯಕ್ಕೇ ಕತ್ತರಿಸಿದ್ದ. ಕಾಣುತ್ತಿದ್ದದ್ದು 'ಕಟ್ಟಿ ಎತ್ತ', ಅದರ ಕೆಳಗೆ 'ಮೇಲಿ', 'ಮೇಲಿ', 'ಮೇಲಿ'. ಇದ್ದದ್ದನ್ನೇ ಹಿಡಿದು ಹೊರಟೆ.

ಸಭಾಂಗಣದ ಬಾಗಿಲಲ್ಲಿ ಆಕೆ ನಿಂತಿದ್ದಳು, ಮೊದಲ ಬಸ್ಸಿಗೆ ಬಂದು, ಅದೇ ಚೀಲ ಹಿಡಿದು. ಒಳಗೆ ನನ್ನ ಸರದಿ ಬಂದಾಗ ಪರದೆ ಹಚ್ಚಲಿಲ್ಲ. "ದಯವಿಟ್ಟು ಎಲ್ಲರೂ ಎಪ್ಪತ್ತೆರಡನೆಯ ಪುಟ ತೆಗೆಯಿರಿ, ಆಮೇಲೆ ಒಂಬತ್ತು," ಎಂದೆ. ವರದಿಗಳ ಪುಟಗಳು ಮೊದಲ ಸಲ ಬಿಚ್ಚಿಕೊಳ್ಳುವ ಸಪ್ಪಳ ಬಂತು. ಅಧ್ಯಕ್ಷತೆ ವಹಿಸಿದ್ದ ಅಧಿಕಾರಿ ಎರಡೂ ಪುಟಕ್ಕೆ ಬೆರಳಿಟ್ಟು ನೋಡಿದರು.

"ನೀರು ಬಾವಿಯ ಕೆಳಗಿದೆಯಲ್ಲ ಪ್ರೊಫೆಸರರೇ?"

"ಹೌದು. ನಾನೇ ಬರೆದಿದ್ದೇನೆ. ತಪ್ಪು ಬರೆದಿದ್ದೇನೆ."

ಕಲ್ಲಿನ ಕಥೆ ಹೇಳಿ, ಷರಾ ಬರೆದವಳು ಈಕೆಯೇ ಎಂದು ಬಾಗಿಲ ಕಡೆ ಕೈ ತೋರಿಸಿದೆ. ಹಿಂದಿನ ಸಾಲಿನಲ್ಲಿ ಒಬ್ಬರು ನಕ್ಕರು. ಇನ್ನೊಬ್ಬರು ಕೇಳಿಯೇಬಿಟ್ಟರು: "ಈ ಅಮ್ಮನ ಅರ್ಜಿನೂ ಅದೇ ಊರಿಂದಲ್ಲವೇನು? ಷರಾ ಯಾವಾಗ ಬರೆದದ್ದು ಅಂತ ಏನು ಗ್ಯಾರಂಟಿ?"

ನಾನು ಬಾಯಿ ತೆರೆಯುವ ಮೊದಲೇ ಆಕೆ ಮುಂದೆ ಬಂದು ರಿಜಿಸ್ಟರನ್ನು ಮೇಜಿನ ಮೇಲಿಟ್ಟಳು. ನನ್ನ ಕೈಯಿಂದ ಝೆರಾಕ್ಸ್ ತೆಗೆದುಕೊಂಡು ಅದರ ಕತ್ತರಿಸಿದ ಅಂಚನ್ನು ಮೂಲ ಪುಟದ ಮೇಲೆ ಕೂಡಿಸಿದಳು. 'ಎತ್ತ' ಮುಗಿದಲ್ಲಿ 'ರ ಮಾಡ್ಯಾರ' ಶುರುವಾಯಿತು. 'ಮೇಲಿ' ನಿಂತಲ್ಲಿ 'ನಂತೆ'. ಸಾಲು ಸಾಲಾಗಿ ಕೂಡಿಕೊಂಡವು. ಝೆರಾಕ್ಸಿನ ಮೂಲೆಯಲ್ಲಿ ಕಳೆದ ವರ್ಷದ ನಮ್ಮದೇ ವಿಭಾಗದ ಸ್ವೀಕೃತಿ ಮೊಹರು.

"ಇಷ್ಟೇ ರೀ," ಎಂದು ಹಿಂದೆ ಸರಿದಳು.

ಅಧಿಕಾರಿ ನನ್ನ ಕಡೆ ನೋಡಿದರು. "ಉಳಿದ ಹದಿನೈದು ಬಾವಿ?"

ಬರಬೇಕಾದ ಪ್ರಶ್ನೆ ಬಂತು. "ಗೊತ್ತಿಲ್ಲ. ಎಲ್ಲ ಕಟ್ಟೆಗಳನ್ನೂ ಮತ್ತೆ ಅಳೆಯಬೇಕು. ಅಲ್ಲಿಯವರೆಗೆ ವರದಿ ವಾಪಸು ಕೊಡಿ."

ಕೊಟ್ಟರು. ಒಂದು ತಿಂಗಳ ಗಡುವು. ಆ ತಿಂಗಳು ಸಹೋದ್ಯೋಗಿ ನನ್ನೊಂದಿಗೆ ಅಷ್ಟಾಗಿ ಮಾತಾಡಲಿಲ್ಲ, ಆದರೆ ಹದಿನೈದೂ ಬಾವಿಗೆ ಜೊತೆಗೆ ಬಂದ. ಸಾಯಗಾಂವದ ಬಾವಿಯಲ್ಲಿ ಗುರುತಿನ ಕಲ್ಲು ಸವೆದು ಒಂದಿಷ್ಟು ವ್ಯತ್ಯಾಸ ಬಂದಿತ್ತು, ಉಳಿದವು ನೆಟ್ಟಗಿದ್ದವು. ಹೊಸ ಲೆಕ್ಕದಲ್ಲೂ ನೀರು ಇಳಿಯುತ್ತಲೇ ಇದೆ. ನಾನು ಭಾಲ್ಕಿಯಲ್ಲಿ ಮೇಜು ಕುಟ್ಟಿದಷ್ಟಲ್ಲ, ಆದರೆ ನಿದ್ದೆ ಕೆಡಿಸುವಷ್ಟು. ಡಾಬಕಾ ಹಳದಿಗೆ ಬಂತು. ಹಳದಿ ಊರಿನಲ್ಲಿ ಷರತ್ತಿನ ಮೇಲೆ ಬಾವಿ ತೋಡಬಹುದು. ಇಳಿಯುತ್ತಿರುವ ನೀರಿಗೆ ಇನ್ನೊಂದು ಬಾಯಿ ಸೇರಿತೆಂಬ ಕಳವಳ ನನಗಿಲ್ಲವೆಂದರೆ ಸುಳ್ಳಾದೀತು. ಆ ನೀರಿನಲ್ಲಿ ಆಕೆಗೂ ಪಾಲಿದೆ ಎಂಬುದೂ ಅಷ್ಟೇ ಖರೆ.

ಹಳೆಯ ಸುತ್ತೋಲೆ ರದ್ದು ಮಾಡಿ ಹೊಸದು ಹೊರಡಿಸಿದೆ. ಈಗ ಷರಾ ಮೊದಲು ಕಳುಹಿಸತಕ್ಕದ್ದು. ಖಟಕ ಚಿಂಚೋಳಿಯ ಕಂಡಕ್ಟರ್ ಮೊದಲ ತಿಂಗಳೇ ಎರಡು ಪುಟ ಬರೆದು ಕಳುಹಿಸಿದರು. ಎಲ್ಲವನ್ನೂ ಓದುತ್ತೇನೆ. ಶಿಕ್ಷೆ ಎಂದುಕೊಂಡೇ ಓದುತ್ತೇನೆ.

ಸಂಕ್ರಾಂತಿ ಕಳೆದ ಮೇಲೆ, ಫೆಬ್ರವರಿ ಒಂದನೇ ತಾರೀಖು, ಡಾಬಕಾದಿಂದ ಎರಡು ಫೋಟೋ ಬಂದವು. ಒಂದು ಕಾಕಾನ ಬಾವಿಯದು. ಇನ್ನೊಂದರಲ್ಲಿ ರಿಜಿಸ್ಟರಿನ ಹೊಸ ಪುಟ, ತಲೆಯ ಮೇಲೆ 'ಬಾವಿ ಹದಿನೇಳು'. ಅಂಕಿ ನೋಡುವ ಮೊದಲು ಬಲಗಡೆಗೆ ಹೋದೆ.

'ನಮ್ಮ ಬಾವಿ. ಕಟ್ಟಿ ಇನ್ನಾ ಕಟ್ಟಿಲ್ಲ. ಗುರುತು ಒಳಗಿನ ಹಾಸುಬಂಡಿ ಮ್ಯಾಲ ಹಚ್ಚೇನಿ. ಅದನ್ನ ಯಾರೂ ಎಬ್ಬಸಂಗಿಲ್ಲ.'